ಪಂಕ್ತಿಯಲ್ಲಿ ಕೂತವರ ಓಟಿಪಿ

ನಮ್ಮ ಟೆಸ್ಟ್ ಅಕೌಂಟಿನ ಓಟಿಪಿ ಮ್ಯಾನೇಜರ್ ಮೊಬೈಲಿಗೆ ಹೋಗುತ್ತದೆ. ಯಾಕೆ ಅಂತ ಕೇಳಬೇಡಿ, ಯಾರೋ ಯಾವತ್ತೋ ‘ಸದ್ಯಕ್ಕೆ ಇರಲಿ’ ಅಂತ ಮಾಡಿದ್ದು. ಆ ಶುಕ್ರವಾರ ಅವರು ನೆಂಟರ ಮದುವೆಗೆ ಹೋಗಿದ್ದರು, ನಾನು ಅದೇ ದಿನ ಜಾಣತನ ತೋರಿಸಲು ಹೊರಟೆ.

ವೆಬ್ ಪುಟಗಳನ್ನು ತಾನಾಗಿ ಪರೀಕ್ಷಿಸಲು ನಾವು ಬಳಸುವ ಸಾಧನ ರೋಬೋಟ್ ಫ್ರೇಮ್‌ವರ್ಕ್. ಬ್ರೌಸರ್ ತೆರೆಯುವುದು, ಬಟನ್ ಒತ್ತುವುದು ಎಲ್ಲ ಸೆಲೆನಿಯಂ ಲೈಬ್ರರಿಯ ಕೆಲಸ (ಲೈಬ್ರರಿ ಅಂದರೆ ಬೇಕಾದಾಗ ಕರೆದು ಬಳಸುವ ಕೋಡಿನ ಕಟ್ಟು). ಆದರೆ ರಿಪೋರ್ಟ್ ಪುಟದಲ್ಲಿ ಮಾರುದ್ದದ ಟೇಬಲ್ ಒಂದಿತ್ತು, ಅದರ ಲೆಕ್ಕ ಕೂಡಿ ನೋಡಲು ನಾನೇ ಪೈಥಾನ್‌ನಲ್ಲಿ ಪುಟ್ಟ ಲೈಬ್ರರಿ ಬರೆದೆ. ಟೆಸ್ಟ್ ಓಡಿಸಿದೆ. ಓಟಿಪಿ ಕೇಳಿತು, ಸಾರ್‌ಗೆ ಫೋನ್ ಮಾಡಿದೆ, ಹೇಳಿದರು, ಹಾಕಿದೆ, ಟೇಬಲ್ ಕಣ್ಣೆದುರೇ ಬಂತು. ನನ್ನ ಲೈಬ್ರರಿ ಮಾತ್ರ ‘ಅಂಥ ಎಲಿಮೆಂಟೇ ಇಲ್ಲ’, ಅಂದರೆ ಪುಟದಲ್ಲಿ ಅಂಥ ಭಾಗವೇ ಇಲ್ಲ ಎಂದು ಕೆಂಪಕ್ಷರದಲ್ಲಿ ಬಯ್ದಿತು.

ಪುಟ ನಿಧಾನ ಇರಬೇಕು ಅಂದುಕೊಂಡೆ. ಟೆಸ್ಟರ್‌ಗಳ ಮನೆಮದ್ದು ಗೊತ್ತಲ್ವಾ, ಸ್ಲೀಪ್! ಅಂದರೆ ಇಷ್ಟು ಹೊತ್ತು ಕಾದು ಮುಂದೆ ಹೋಗು ಅನ್ನುವ ಸಾಲು. 5 ಸೆಕೆಂಡ್ ಹಾಕಿದೆ, 10 ಹಾಕಿದೆ, ಕೊನೆಗೆ 30. (ಮದ್ದು ಅಂದಾಗ ನೆನಪಾಯಿತು. 2004ರಲ್ಲಿ ಷಿಕಾಗೊದಲ್ಲಿ ಜೇಸನ್ ಹಗಿನ್ಸ್ ಶುರು ಮಾಡಿದ ಸೆಲೆನಿಯಂಗೆ ಆ ಹೆಸರು ಬಂದದ್ದೇ ತಮಾಷೆಗೆ. ಪೈಪೋಟಿ ಕಂಪನಿ ಮರ್ಕ್ಯುರಿ, ಅಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಅಂತ. ನನ್ನಂಥವರಿಗೆ ಏನು ಮದ್ದೋ ಅವರು ಹೇಳಿಲ್ಲ.) ಪ್ರತಿ ಸಲವೂ ಹೊಸ ಓಟಿಪಿ, ಹೊಸ ಫೋನ್. ಮೂರನೇ ಸಲ ಆ ಕಡೆಯಿಂದ ಗಟ್ಟಿಮೇಳ ಕೇಳಿಸಿತು.

ಬೇಜಾರಾಗಿ ಬ್ರೌಸರಿನ ಕಿಟಕಿ ಕೆಳಗಿಳಿಸಿದರೆ ಅದರ ಹಿಂದೆ ಇನ್ನೊಂದು ಕ್ರೋಮ್! ಪೂರ್ತಿ ಬಿಳಿ. ವಿಳಾಸದ ಜಾಗದಲ್ಲಿ ‘ಡೇಟಾ’, ಒಂದು ಕೋಲನ್, ಒಂದು ಅಲ್ಪವಿರಾಮ, ಅಷ್ಟೇ. ನನ್ನ ಲೈಬ್ರರಿಯ ಮೊದಲ ಸಾಲಿನಲ್ಲೇ ಹೊಸ ಕ್ರೋಮ್ ತೆರೆಯಲು ನಾನೇ ಬರೆದಿದ್ದೆ. ಹಾಗೆ ತೆರೆದ ಕ್ರೋಮ್‌ಗೆ ಪ್ರೊಫೈಲೂ ಹೊಸದು, ಲಾಗಿನ್ನೂ ಇಲ್ಲ, ಲಾಗಿನ್ ನೆನಪಿಡುವ ಕುಕೀನೂ ಇಲ್ಲ. ಪಾಪ, ಪಕ್ಕದ ಛತ್ರದಲ್ಲಿ ಊಟ ನಡೆಯುತ್ತಿರುವಾಗ ಇದು ಖಾಲಿ ಛತ್ರದಲ್ಲಿ ಎಲೆ ಹುಡುಕುತ್ತಿತ್ತು.

ಬ್ರೌಸರನ್ನು ಓಡಿಸುವ ಕೋಡಿಗೆ ಡ್ರೈವರ್ ಅನ್ನುತ್ತಾರೆ, ಅದು ತೆರೆದ ಬ್ರೌಸರಿನ ಗುರುತಿನ ಸಂಖ್ಯೆಯೇ ಸೆಷನ್ ಐಡಿ. ಸರಿ, ಮೊದಲ ಬ್ರೌಸರಿನ ಸೆಷನ್ ಐಡಿಯನ್ನು ಇನ್ನೊಂದು ಡ್ರೈವರ್‌ಗೆ ಅಂಟಿಸಿಬಿಡೋಣ ಅಂತ ರಿಮೋಟ್ ಡ್ರೈವರ್ ಮಾಡಿದೆ. ಅದು ಹುಟ್ಟುವಾಗಲೇ ತನ್ನದೇ ಸೆಷನ್ ಶುರು ಮಾಡಿಕೊಳ್ಳುತ್ತದೆ ಅನ್ನುವುದು ಪರದೆ ನೋಡಿದಾಗ ತಿಳಿಯಿತು. ಈಗ ಮೂರು ಕ್ರೋಮ್.

ನಿಜವಾದ ದಾರಿ ಒಂದೇ ಸಾಲಿನದು. ರೋಬೋಟ್ ಫ್ರೇಮ್‌ವರ್ಕ್ ಜೊತೆಗೇ ಬರುವ ಬಿಲ್ಟ್‌ಇನ್ ಲೈಬ್ರರಿಯಲ್ಲಿ ‘ಗೆಟ್ ಲೈಬ್ರರಿ ಇನ್‌ಸ್ಟನ್ಸ್’ ಅಂತ ಇದೆ. ಸೆಲೆನಿಯಂ ಲೈಬ್ರರಿಯ ಹೆಸರು ಹೇಳಿದರೆ ಈಗಾಗಲೇ ಓಡುತ್ತಿರುವುದನ್ನೇ ತಂದು ಕೈಗಿಡುತ್ತದೆ. ಅದರ ಡ್ರೈವರ್ ತೆಗೆದುಕೊಂಡರೆ ಇಬ್ಬರಿಗೂ ಒಂದೇ ಬ್ರೌಸರ್. ಟೇಬಲ್ ಸಿಕ್ಕಿತು, ಲೆಕ್ಕ ತಾಳೆಯಾಯಿತು, ಕುರ್ಚಿಯಲ್ಲೇ ಕುಣಿದೆ.

ಮುಂದಿನ ಹೆಜ್ಜೆಗೇ ಬ್ರೌಸರ್ ಮಾಯ. ಆಗಿದ್ದಿಷ್ಟೇ. ಕೆಲಸ ಮುಗಿದ ಮೇಲೆ ಗುಡಿಸಿ ಹೋಗಬೇಕು ಅನ್ನುವ ಒಳ್ಳೆ ಬುದ್ಧಿಯಿಂದ ನನ್ನ ಲೈಬ್ರರಿಯ ಕೊನೆಗೆ ‘ಕ್ವಿಟ್’ ಬರೆದಿದ್ದೆ. ಮೊದಲು ಅದು ಮುಚ್ಚಿದರೂ ತನ್ನ ಖಾಲಿ ಕ್ರೋಮನ್ನೇ ಮುಚ್ಚುತ್ತಿತ್ತು. ಈಗ ಮನೆ ಒಂದೇ ಆದದ್ದರಿಂದ ಎಲ್ಲರನ್ನೂ ಹೊರಗೆ ಹಾಕಿ ಬೀಗ ಜಡಿಯಿತು.

ಆ ಸಾಲು ಅಳಿಸಿ ಮತ್ತೆ ಓಡಿಸಿ, ಸಾರ್‌ಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ.

“ಅವರು ಪಂಕ್ತೀಲಿ ಕೂತಿದಾರೆ, ಕೈಯೆಲ್ಲ ಹೋಳಿಗೆ ತುಪ್ಪ. ನಿಮಗೆ ಆ ನಂಬರ್ ತಾನೇ ಬೇಕಿರೋದು? ಬೆಳಗ್ಗೆಯಿಂದ ನೋಡ್ತಾ ಇದೀನಿ. ಬರ್ಕೊಳ್ಳಿ.”

ಆರಂಕಿ ಓದಿದರು, ಹಾಕಿದೆ. ತಪ್ಪು ಅಂದಿತು. ಇನ್ನೊಮ್ಮೆ ನಿಧಾನವಾಗಿ ಓದಿದರು, ಮತ್ತೆ ಹಾಕಿದೆ. ಮೂರನೇ ಸಲ ಅಕೌಂಟ್ ಲಾಕ್ ಆಯಿತು.

“ಅಯ್ಯೋ,” ಅಂದರು ಆ ಕಡೆಯಿಂದ, “ಕೆಳಗಡೆ ಇನ್ನೊಂದು ಹೊಸದು ಬಂದಿದೆ ನೋಡಿ. ಹೇಳ್ಲಾ?”