ಲೆಕ್ಕಕ್ಕುಂಟು, ಆಟಕ್ಕಿಲ್ಲ

ನಿನ್ನೆ ಸಂಜೆ ಒಂಬತ್ತು ಜನ ಬಂದಿದ್ದರು. ಸಾಫ್ಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಹತ್ತು ಜನ ಬೇಕು.

ವಾಟ್ಸಾಪ್ ಗುಂಪಿನಲ್ಲಿ ಹದಿನಾಲ್ಕು ಹೆಬ್ಬೆರಳು ಎದ್ದಿದ್ದವು. ಹದಿನಾಲ್ಕು! ಎರಡೆರಡು ಸಲ ಎಣಿಸಿ, ಹೆಂಡತಿಗೂ ತೋರಿಸಿ, ಆ ಖುಷಿಯಲ್ಲಿ ಫ್ಲಾಸ್ಕ್ ತುಂಬ ಟೀ ಮಾಡಿಕೊಂಡು ಹೋಗಿದ್ದೆ. ನನ್ನನ್ನೂ ಸೇರಿಸಿ ಒಂಬತ್ತು ಜನ ಆ ಟೀ ಕುಡಿದು, ಹವಾಮಾನದ ಬಗ್ಗೆ ಮಾತಾಡಿ, ಸುಮ್ನೆ ಸ್ವಲ್ಪ ಚೆಂಡು ಎಸೆದಾಡಿ ಮನೆಗೆ ಹೋದೆವು. ಬಾರದ ಐವರಲ್ಲಿ ಒಬ್ಬರು ಮಾತ್ರ ಕಾರಣ ತಿಳಿಸಿದ್ದರು: ಕುರಿ ತಪ್ಪಿಸಿಕೊಂಡಿದೆ. ಉಳಿದ ನಾಲ್ವರ ಹೆಬ್ಬೆರಳು ಈ ಹೊತ್ತಿಗೂ ಗುಂಪಿನಲ್ಲಿ ಹಾಗೇ ನಿಂತಿದೆ.

ನಾವಿರುವುದು ಐರ್ಲೆಂಡಿನ ಗಾಲ್ವೇ ಕೌಂಟಿಯ ಪೂರ್ವದ ಕಡೆ, ಒಂದು ಹಳ್ಳಿಯಲ್ಲಿ. ಒಂದು ಚರ್ಚು, ಎರಡು ಪಬ್, ಒಂದು ಅಂಗಡಿ. ಜನರಿಗಿಂತ ಕುರಿ ಜಾಸ್ತಿ. ಡಬ್ಲಿನ್ ಬಾಡಿಗೆ ಕಟ್ಟಲಾರದೆ ಇಲ್ಲಿಗೆ ಬಂದವರು ನಾವು. ಹೆಂಡತಿ ನರ್ಸ್, ನಾನು ಮನೆಯಲ್ಲೇ ಕೂತು ಲ್ಯಾಪ್‌ಟಾಪ್ ಕುಟ್ಟುವವನು. ಡಬ್ಲಿನ್‌ನಲ್ಲಿದ್ದಾಗ ಆಫೀಸಿನವರು ಬೇಸಿಗೆಯ ಸಂಜೆ ಸಾಫ್ಟ್‌ಬಾಲ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಐದು ಜನ ಗಂಡಸರು, ಐದು ಜನ ಹೆಂಗಸರು, ಏಳು ಇನ್ನಿಂಗ್ಸ್. ಚೆಂಡನ್ನು ಕೆಳಗಿನಿಂದ ಮೆಲ್ಲಗೆ, ಗೋಪುರದ ಹಾಗೆ ಮೇಲೆತ್ತಿ ಎಸೆಯುತ್ತಾರೆ. ಹೊಡೆದವರು ಬೇಸ್ ಅನ್ನುವ ನಾಲ್ಕು ಗುರುತುಗಳನ್ನು ಸುತ್ತಿ ಬಂದರೆ ಒಂದು ರನ್. ಇಲ್ಲೂ ಅಂಥದ್ದೊಂದು ತಂಡ ಇದ್ದಿದ್ದರೆ ಅಂತ ಒಂದು ದಿನ ಪಬ್‌ನಲ್ಲಿ ಬಾಯಿ ಬಿಟ್ಟೆ. ಅಷ್ಟೇ. ಅವತ್ತಿನಿಂದ ನಾನೇ ಮ್ಯಾನೇಜರ್, ನಾನೇ ಕೋಚ್, ನಾನೇ ಡ್ರೈವರ್, ಟೀ ಮಾಡುವವನೂ ನಾನೇ.

"ಕ್ರಿಕೆಟ್ ಆಡಿದ್ರೆ ಆಗ್ತಿರ್ಲಿಲ್ವೇನ್ರೀ?" ಅಂತ ಹೆಂಡತಿ ಕೇಳಿದಳು. ಹತ್ತು ಜನ ಸಿಗದ ಊರಲ್ಲಿ ಹನ್ನೊಂದು ಜನರನ್ನು ಎಲ್ಲಿಂದ ತರಲಿ?

ಊರಿನ ಹಿರಿಯರೊಬ್ಬರು, "ಇದು ನಮ್ಮ ರೌಂಡರ್ಸ್ ಅಲ್ವಾ, ಇದಕ್ಕೆ ಅಮೆರಿಕದ ಹೆಸರು ಯಾಕೆ?" ಅಂದರು. ಅವರು ಹೇಳಿದ್ದು ತಪ್ಪೇನಲ್ಲ. ಹರ್ಲಿಂಗ್, ಗೇಲಿಕ್ ಫುಟ್‌ಬಾಲ್, ಹ್ಯಾಂಡ್‌ಬಾಲ್ ಜೊತೆ ರೌಂಡರ್ಸ್ ಕೂಡ ಇಲ್ಲಿನ ದೇಸಿ ಆಟಗಳ ಸಂಘವಾದ ಜಿಎಎ ನಡೆಸುವ ಆಟವೇ. ಹಾಗಾದರೆ ನೀವೂ ಬನ್ನಿ ಅಂದೆ. "ಐ ವಿಲ್, ಯಾ" ಅಂದರು. ಖುಷಿಯಿಂದ ಹೆಸರು ಬರೆದುಕೊಂಡೆ.

ಇಲ್ಲಿ "ಐ ವಿಲ್, ಯಾ" ಅಂದರೆ ಬರುತ್ತೇನೆ ಅಂತಲ್ಲ, ಸತ್ತರೂ ಬರಲ್ಲ ಅಂತ. ಇದು ಗೊತ್ತಾಗುವ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಅಂಥವರೇ ಆರು ಜನ ಇದ್ದರು. ನಮ್ಮ ಕಡೆ "ನೋಡೋಣ" ಅನ್ನುತ್ತಾರಲ್ಲ, ಅದರ ಅಣ್ಣ ಇದು. ನಮ್ಮ "ನೋಡೋಣ"ದಲ್ಲಿ ರೂಪಾಯಿಗೆ ನಾಲ್ಕಾಣೆಯಷ್ಟಾದರೂ ಆಸೆ ಇರುತ್ತದೆ.

ಗ್ಲೌಸ್ ಕಥೆ ಹೇಳಲೇಬಾರದು ಅಂದುಕೊಂಡಿದ್ದೆ. ಹೇಳಿಬಿಡುತ್ತೇನೆ. ಸಾಫ್ಟ್‌ಬಾಲ್ ಗ್ಲೌಸನ್ನು ಬಲಗೈಯವರು ಎಡಗೈಗೆ ಹಾಕಿಕೊಳ್ಳಬೇಕು, ಎಸೆಯುವ ಕೈ ಖಾಲಿ ಇರಬೇಕಲ್ಲ. ಅದಕ್ಕೇ ಅಮೆರಿಕದಿಂದ "ಲೆಫ್ಟ್ ಹ್ಯಾಂಡ್" ಅಂತ ಇದ್ದ ಹತ್ತು ಗ್ಲೌಸ್ ತರಿಸಿದೆ. ಶೇ. 23 ವ್ಯಾಟ್ ಬೇರೆ ಕಟ್ಟಿದೆ. ಡಬ್ಬ ಒಡೆದು ನೋಡಿದರೆ ಎಲ್ಲವೂ ಎಡಗೈಯಲ್ಲಿ ಎಸೆಯುವವರಿಗೆ, ಅಂದರೆ ಬಲಗೈಗೆ ಹಾಕಿಕೊಳ್ಳುವಂಥವು. ತಂಡದಲ್ಲಿ ಎಡಗೈಯವರು ಇದ್ದದ್ದು ಒಬ್ಬರೇ, ಶಾಲೆಯ ಟೀಚರಮ್ಮ. ಈಗ ಅವರ ಹತ್ತಿರ ಹತ್ತು ಜೀವಮಾನಕ್ಕಾಗುವಷ್ಟು ಗ್ಲೌಸ್ ಇದೆ. 1887ರಲ್ಲಿ ಷಿಕಾಗೋದಲ್ಲಿ ಈ ಆಟ ಹುಟ್ಟಿದ್ದೇ ಬಾಕ್ಸಿಂಗ್ ಗ್ಲೌಸನ್ನು ಚೆಂಡು ಮಾಡಿ, ಪೊರಕೆ ಕೋಲಿನಿಂದ ಹೊಡೆದು ಅಂತ ಎಲ್ಲೋ ಓದಿ ಸಮಾಧಾನ ಮಾಡಿಕೊಂಡೆ. ಹೆಂಡತಿಗೆ ಹೇಳಿದೆ. "ನಮ್ಮನೇಲಿ ಪೊರಕೆ ಇದೆ" ಅಂದಳು.

ಮೈದಾನ ಅಂದರೆ ಪಕ್ಕದ ಮನೆ ಯಜಮಾನರ ಕುರಿ ಹೊಲ. ಸುತ್ತ ಕಲ್ಲಿನ ಗೋಡೆ. ಗೊಬ್ಬರದ ಚೀಲ ಮಡಿಸಿ ಅರವತ್ತೈದು ಅಡಿಗೆ ಒಂದರಂತೆ ಬೇಸ್ ಇಟ್ಟಿದ್ದೇವೆ. ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಹಿಂದೆ ಕಪ್ಪು ಪ್ಲಾಸ್ಟಿಕ್ ಸುತ್ತಿದ ದುಂಡನೆಯ ಹುಲ್ಲಿನ ಮೂಟೆಗಳೇ ತಡೆಗೋಡೆ. ಡಬ್ಲಿನ್ ಪಕ್ಕದ ಕಾರ್ಕಾ ಪಾರ್ಕಿನಲ್ಲಿ ಬೇಸ್‌ಬಾಲ್ ಆಡುವವರಿಗೆ 1998ರಲ್ಲೇ ಅಮೆರಿಕದ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಹಳೆಯ ಮಾಲೀಕ ಪೀಟರ್ ಓಮ್ಯಾಲಿ ದುಡ್ಡು ಕೊಟ್ಟು ಮೈದಾನ ಮಾಡಿಸಿಕೊಟ್ಟರು. ನಮಗೆ ಸಿಕ್ಕಿದ್ದು ಕುರಿ ಹಿಕ್ಕೆ ಸಮೇತ ಈ ಹೊಲ. ಬಾಡಿಗೆ ಕೇಳಿಲ್ಲ, ಹಾಗಾಗಿ ಯಜಮಾನರನ್ನು ತಂಡದಿಂದ ತೆಗೆಯುವ ಹಾಗೂ ಇಲ್ಲ.

ಯಜಮಾನರಿಗೆ ಅರವತ್ತು ದಾಟಿದೆ. ಹರೆಯದಲ್ಲಿ ಹರ್ಲಿಂಗ್ ಆಡಿದವರು. ಗಾಲ್ವೇ 1988ರಲ್ಲಿ ಹರ್ಲಿಂಗ್‌ನ ಆಲ್ ಐರ್ಲೆಂಡ್ ಪ್ರಶಸ್ತಿ ಗೆದ್ದದ್ದು, ಮತ್ತೆ ಗೆಲ್ಲೋಕೆ 2017ರವರೆಗೆ ಕಾಯಬೇಕಾದದ್ದು, ಎರಡನ್ನೂ ಮೊನ್ನೆ ಮೊನ್ನೆ ಮನೆಯಲ್ಲೇ ಆದ ಹಾಗೆ ಹೇಳುತ್ತಾರೆ. ಹರ್ಲಿಂಗ್‌ನಲ್ಲಿ ಕೈಯಲ್ಲಿರುವ ಕೋಲನ್ನು ಬಿಡುವ ಮಾತೇ ಇಲ್ಲ. ಓಡುವಾಗಲೂ ಅದು ಕೈಯಲ್ಲೇ ಇರಬೇಕು. ಸಾಫ್ಟ್‌ಬಾಲ್‌ನಲ್ಲಿ ಹೊಡೆದ ತಕ್ಷಣ ಬ್ಯಾಟ್ ಕೆಳಗೆ ಬಿಟ್ಟು ಓಡಬೇಕು. ಇಷ್ಟೇ ವ್ಯತ್ಯಾಸ. ಇಷ್ಟನ್ನು ಹೇಳಿಕೊಡೋಕೆ ನನಗೆ ಎರಡು ತಿಂಗಳು ಸಾಲಲಿಲ್ಲ.

ಮೊದಲ ದಿನ ಯಜಮಾನರು ಹೊಡೆದ ಏಟಿಗೆ ಚೆಂಡು ಗೋಡೆ ತನಕ ಹೋಯಿತು. ಅವರು ಬ್ಯಾಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೊದಲ ಬೇಸ್ ಕಡೆ ನುಗ್ಗಿದರು. ಅಲ್ಲಿ ನಿಂತಿದ್ದವರು ಗೋರ್ಟ್ ಊರಿಂದ ಬರುವ ಬ್ರೆಜಿಲ್ ಹುಡುಗಿ. ಎದುರಿಗೆ ಆರಡಿ ಆಳು, ಕೈಯಲ್ಲಿ ದೊಣ್ಣೆ, ಮುಖ ಕೆಂಪು. ಅವಳು ಬೇಸ್ ಬಿಟ್ಟು ಓಡಿದಳು. ಎರಡನೇ ಬೇಸಿನವನೂ ಓಡಿದ. ಮೂರನೆಯವನ ಕೈಗೆ ಚೆಂಡು ಬಂದಿತ್ತು, ಅದನ್ನು ಮುಟ್ಟಿಸಿ ಔಟ್ ಮಾಡಬಹುದಿತ್ತು. ಅವನು ಚೆಂಡನ್ನು ಮರ್ಯಾದೆಯಿಂದ ಕೆಳಗಿಟ್ಟು ಪಕ್ಕಕ್ಕೆ ಸರಿದ. ಯಜಮಾನರು ಹೊಲವನ್ನೆಲ್ಲ ಗೆದ್ದುಕೊಂಡು ವಾಪಸ್ ಬಂದರು.

"ಬ್ಯಾಟ್ ಬಿಟ್ಟು ಓಡಬೇಕು" ಅಂದೆ. "ಗ್ರ್ಯಾಂಡ್" ಅಂದರು.

ಗ್ರ್ಯಾಂಡ್ ಅಂದರೆ ಇಲ್ಲಿನ ಮಾತಲ್ಲಿ ಆಯ್ತು ಅಂತ. ಮುಂದಿನ ಸಲ ಹೊಡೆದರು. ನಿಂತರು. ಬ್ಯಾಟ್ ನೋಡಿದರು. ಒದ್ದೆ ಹುಲ್ಲು ನೋಡಿದರು. ಅಷ್ಟು ಒಳ್ಳೆಯ ಸಾಮಾನನ್ನು ಕೆಸರಿಗೆ ಹಾಕುವುದು ಹೇಗೆ? ಬೇಸ್‌ಗೆ ಬೆನ್ನು ಹಾಕಿ ಹುಲ್ಲಿನ ಮೂಟೆ ಹತ್ತಿರ ನಡೆದು ಹೋಗಿ, ಬ್ಯಾಟನ್ನು ಜಾರದ ಹಾಗೆ ಒರಗಿಸಿಟ್ಟು, ಕೈ ಒರೆಸಿಕೊಂಡು ಆಮೇಲೆ ಓಡಿದರು. ಅಷ್ಟರಲ್ಲಿ ಔಟಾಗಿ ಎಷ್ಟೋ ಹೊತ್ತಾಗಿತ್ತು. ಅದರ ಮುಂದಿನ ವಾರ ಕ್ಯಾಚರ್‌ನನ್ನು ಕರೆದು ಅವನ ಕೈಗೆ ಬ್ಯಾಟ್ ಕೊಟ್ಟು, ಹುಷಾರು ಅಂತ ಹೇಳಿ ಓಡಿದರು. ಮತ್ತೆ ಔಟ್. ನನಗೆ ತಲೆಕೆಟ್ಟಿತು. ಎಲ್ಲರನ್ನೂ ಕೂರಿಸಿಕೊಂಡು ಕಾಲು ಗಂಟೆ ಭಾಷಣ ಮಾಡಿದೆ. ಹೊಡಿ, ಬಿಡು, ಓಡು. ಚಿಕ್ಕ ಮಕ್ಕಳಿಗೂ ಬರುತ್ತೆ ಅಂದೆ. ಆ ಮಾತು ಆಡಬಾರದಿತ್ತು.

ಆಮೇಲೆ ಬ್ಯಾಟಿಂಗ್ ನನ್ನದೇ. ಚೆಂಡು ಚೆನ್ನಾಗಿ ಸಿಕ್ಕಿತು. ಓಡಿದೆ. ಮೊದಲ ಬೇಸ್ ಹತ್ತಿರ ಬರುವಾಗ ಮೈ ತಾನಾಗಿಯೇ ಬಗ್ಗಿತು, ಕೈ ಮುಂದೆ ಚಾಚಿತು, ಗೊಬ್ಬರದ ಚೀಲದ ಮೇಲೆ ಬ್ಯಾಟ್ ಸರ್ರನೆ ಎಳೆದು ಕ್ರೀಸ್ ಮುಟ್ಟಿಸಿದೆ. ಅಷ್ಟೇ ಅಲ್ಲ, ತಿರುಗಿ ಎರಡನೇ ರನ್‌ಗೆ ಹೊರಟಿದ್ದೆ. ಅದೂ ವಾಪಸ್, ಹೊರಟ ಕಡೆಗೇ.

ಹೊಲದಲ್ಲಿ ಒಂದು ಸದ್ದಿಲ್ಲ. ಕುರಿ ಕೂಡ ಮೇಯುವುದು ನಿಲ್ಲಿಸಿ ನೋಡಿದವು. ಯಜಮಾನರು ಟೀ ಲೋಟ ಕೆಳಗಿಟ್ಟು, ತುಂಬ ಪ್ರೀತಿಯಿಂದ, "ಗ್ರ್ಯಾಂಡ್" ಅಂದರು. ಈಗ ನಾನು ಯಾರಿಗೂ ಭಾಷಣ ಮಾಡುವುದಿಲ್ಲ.

ಇವೆಲ್ಲ ಹೇಗೋ ನಡೆಯುತ್ತದೆ. ನಡೆಯದೇ ಇರುವುದು ಆ ಹತ್ತರ ಲೆಕ್ಕ. ಇಲ್ಲಿನವರು ದಿನಾ ಬೆಳಗ್ಗೆ ಆರ್‌ಐಪಿ ಡಾಟ್ ಐಇ ಅನ್ನುವ ವೆಬ್‌ಸೈಟ್ ತೆಗೆದು ಯಾರು ತೀರಿಕೊಂಡರು ಅಂತ ನೋಡುತ್ತಾರೆ. ಯಾರೇ ತೀರಿಕೊಂಡರೂ ಮಣ್ಣಿಗೆ ಊರಿಗೆ ಊರೇ ಹೋಗಬೇಕು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಕೇರಳದ ಇಬ್ಬರು ನರ್ಸ್‌ಗಳಿಗೆ ನೈಟ್ ಡ್ಯೂಟಿ. ಇನ್ನು ಮಳೆ. ನಾನು ತೀರ್ಥಹಳ್ಳಿ ಕಡೆಯವನು, ಮಳೆಗೆ ಹೆದರುವವನಲ್ಲ. ಆದರೆ ನಮ್ಮ ಮಳೆ ಸದ್ದು ಮಾಡಿಕೊಂಡು ಬಂದು, ಹೊಡೆದು, ಕಾಲ ಮುಗಿದ ಮೇಲೆ ಹೋಗುತ್ತದೆ. ಇಲ್ಲಿ ಪಶ್ಚಿಮದಲ್ಲಿ ಕೆಲವು ಕಡೆ ವರ್ಷಕ್ಕೆ 225 ದಿನ ಮಳೆ, ಅದರಲ್ಲಿ ಎಷ್ಟೋ ದಿನ ಮೂಗಿನ ತುದಿ ಒದ್ದೆ ಮಾಡುವಂಥ ಸೋನೆ. ಅದಕ್ಕೆ ಇವರು "ಸಾಫ್ಟ್ ಡೇ" ಅನ್ನುತ್ತಾರೆ. ಸಾಫ್ಟ್ ಡೇ ದಿನ ಸಾಫ್ಟ್‌ಬಾಲ್ ಸೋಪಿನ ಹಾಗೆ ಜಾರುತ್ತದೆ.

ಹಾಗಾದರೆ ಬಿಸಿಲು ಬಂದ ದಿನ? ಬಿಸಿಲು ಬಂದರೆ ಇನ್ನೂ ಕಷ್ಟ. ಎರಡು ದಿನ ಒಣ ಹವೆ ಸಿಕ್ಕಿತೋ, ಅರ್ಧ ಊರು ಸೈಲೇಜ್, ಅಂದರೆ ದನಕರುಗಳಿಗೆ ಚಳಿಗಾಲಕ್ಕೆ ಕೂಡಿಡುವ ಹುಲ್ಲು ಕೊಯ್ಯೋಕೆ ಟ್ರ್ಯಾಕ್ಟರ್ ಹತ್ತುತ್ತದೆ, ಉಳಿದರ್ಧ ಒಲೆಗೆ ಉರಿಸುವ ಟರ್ಫ್ ಅನ್ನುವ ಜೌಗು ಮಣ್ಣಿನ ಹೆಂಟೆ ಒಣಗಿಸೋಕೆ ಜೌಗು ನೆಲಕ್ಕೆ ಹೋಗುತ್ತದೆ. ಮಳೆ ಬಂದರೆ ಆಡೋಕಾಗಲ್ಲ, ಬರದಿದ್ದರೆ ಆಡುವವರು ಬರಲ್ಲ.

ನಿನ್ನೆ ಎಲ್ಲ ಹೋದ ಮೇಲೆ ಬೇಸ್ ಚೀಲಗಳನ್ನು ಎತ್ತಿಡುತ್ತಿದ್ದೆ. ರಾತ್ರಿ ಹತ್ತು ಗಂಟೆ. ಜೂನ್ ತಿಂಗಳಲ್ಲಿ ಇಲ್ಲಿ ಆಗಲೂ ಬೆಳಕಿರುತ್ತದೆ. ಅಷ್ಟು ಬೆಳಕು, ಅಷ್ಟು ದೊಡ್ಡ ಹೊಲ, ಆಡೋಕೆ ಒಬ್ಬರಿಲ್ಲ. ನಮ್ಮೂರಲ್ಲಿ ಗದ್ದೆ ಕೊಯ್ಲಾದ ಮೇಲೆ ಒಂದು ಸಿಳ್ಳೆ ಹಾಕಿದರೆ ಇಪ್ಪತ್ತು ಹುಡುಗರು ಬೇಲಿ ಹಾರಿ ಬರುತ್ತಿದ್ದರು. ಜಾಸ್ತಿಯಾದವರನ್ನು ಏನು ಮಾಡುವುದು ಅನ್ನುವುದೇ ನಮ್ಮ ತಲೆನೋವು. ಚಿಕ್ಕವರನ್ನು ಬೌಂಡರಿ ಹತ್ತಿರ ನಿಲ್ಲಿಸಿ "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಮಾಡುತ್ತಿದ್ದೆವು. ನನ್ನ ತಮ್ಮ ಎರಡು ವರ್ಷ ಹಾಗೇ ನಿಂತಿದ್ದ, ಒಂದು ದಿನವೂ ತಪ್ಪಿಸದೆ. ಈಗ ಅವನು ಬೆಂಗಳೂರಿನಲ್ಲಿದ್ದಾನೆ. ಫೋನ್ ಮಾಡಿದರೆ ಮೀಟಿಂಗ್‌ನಲ್ಲಿರುತ್ತಾನೆ. ಅವನೂ ಹೆಬ್ಬೆರಳೇ ಕಳಿಸುವುದು.

ಭಾನುವಾರ ಡಬ್ಲಿನ್‌ನಿಂದ ಒಂದು ತಂಡ ಬರುತ್ತಿದೆ. ಎರಡೂವರೆ ಗಂಟೆ ಕಾರು ಓಡಿಸಿಕೊಂಡು, ಹದಿಮೂರು ಜನ. ಗುಂಪಿನಲ್ಲಿ ಹಾಕಿದ್ದೇನೆ, ಆಗಲೇ ಹನ್ನೊಂದು ಹೆಬ್ಬೆರಳು ಎದ್ದಿವೆ. ಈಗ ಹವಾಮಾನ ನೋಡಿದೆ. ಶನಿವಾರ ಬಿಸಿಲು, ಭಾನುವಾರವೂ ಬಿಸಿಲು. ಎದೆ ಧಸಕ್ ಅಂತು. ಕಿಟಕಿಯಿಂದ ಬಗ್ಗಿ ನೋಡಿದರೆ ಪಕ್ಕದ ಮನೆ ಯಜಮಾನರು ಟ್ರ್ಯಾಕ್ಟರ್‌ಗೆ ಡೀಸೆಲ್ ಹಾಕುತ್ತಿದ್ದಾರೆ. ನನ್ನನ್ನು ನೋಡಿ ಕೈ ಬೀಸಿದರು. ಭಾನುವಾರ ಬರ್ತೀರಲ್ಲ ಅಂತ ಕೂಗಿ ಕೇಳಿದೆ.

"ಐ ವಿಲ್, ಯಾ" ಅಂದರು.