ಲುಡ್ವಿಗ್ಸ್‌ಬರ್ಗ್‌ನಲ್ಲಿ ಕೊನ್ನಕ್ಕೋಲು

ಮೊನ್ನೆ ಭಾನುವಾರ ಹಳೇ ಫ್ರೆಂಡ್ ಒಬ್ಬ ಮನೆಗೆ ಬಂದಿದ್ದ. ಕಾಫಿ ಆಯ್ತು, ಚಕ್ಲಿ ಆಯ್ತು, ಸುಮ್ನೆ ಕೂತಿದೀವಲ್ಲ ಅಂತ ಒಂದು ಇಸಿಎಂ ಸಿಡಿ ಹಾಕ್ದೆ. ಒಂದೆರಡು ನಿಮಿಷ ತಡ್ಕೊಂಡ, ಆಮೇಲೆ ಲೋಟ ಕೆಳಗಿಟ್ಟು ಮೆತ್ತಗೆ "ಏನೋ, ಯಾರಾದ್ರೂ ತೀರ್ಕೊಂಡ್ರಾ?" ಅಂದ.

ಆಗ ನಕ್ಬಿಟ್ಟೆ. ರಾತ್ರಿ ಮಲ್ಗೋ ಹೊತ್ತಿಗೆ ಹೊಟ್ಟೆ ಉರಿಯೋಕೆ ಶುರುವಾಯ್ತು. ಅದಕ್ಕೇ ಈ ಪೋಸ್ಟ್, ಉದ್ದ ಇದೆ, ಪುರುಸೊತ್ತಿದ್ರೆ ಮಾತ್ರ ಓದಿ.

ಗೊತ್ತಿಲ್ದೇ ಇರೋರಿಗೆ ಹೇಳ್ಬಿಡ್ತೀನಿ. ಇಸಿಎಂ ಅನ್ನೋದು ಜರ್ಮನಿಯ ಮ್ಯೂನಿಕ್‌ನ ಒಂದು ರೆಕಾರ್ಡ್ ಕಂಪನಿ, 1969ರಲ್ಲಿ ಶುರುವಾಗಿದ್ದು. ಶುರು ಮಾಡಿದೋರು ಮಾನ್‌ಫ್ರೆಡ್ ಐಶರ್, ಡಬಲ್ ಬೇಸ್ (ಆಳೆತ್ತರದ ಪಿಟೀಲಿನ ಥರದ ವಾದ್ಯ) ನುಡಿಸ್ತಿದ್ದ ಮನುಷ್ಯ, ಆಗ 26 ವರ್ಷ. ಎರಡು ದಿನ ರೆಕಾರ್ಡಿಂಗು, ಮೂರನೇ ದಿನ ಮಿಕ್ಸಿಂಗು, ಮುಗೀತು, ಸಾಮಾನ್ಯವಾಗಿ ಅಷ್ಟೇ ಅವರ ಲೆಕ್ಕ. ಕವರ್ ಮೇಲೆ ಕಲಾವಿದರ ಮುಖ ಇರೋದೇ ಅಪರೂಪ, ಮಂಜು, ನೀರು, ಖಾಲಿ ರಸ್ತೆ, ಇಂಥವೇ. ಸಿಡಿ ಹಾಕಿದ್ರೆ ಮೊದಲು ಐದು ಸೆಕೆಂಡ್ ಏನೂ ಕೇಳ್ಸಲ್ಲ, ಬೇಕಂತ್ಲೇ ಬಿಟ್ಟಿರ್ತಾರೆ (ನಮ್ಮಪ್ಪ ಮೊದಲ ಸಲ ಸ್ಪೀಕರ್ ವಯರ್ ಅಲ್ಲಾಡಿಸಿ ನೋಡಿದ್ರು). 1971ರಲ್ಲಿ ಕೆನಡಾದ ಒಂದು ಜಾಝ್ ಪತ್ರಿಕೆ ಇವರ ರೆಕಾರ್ಡ್‌ಗಳ ಬಗ್ಗೆ ಬರೀತಾ, ಮೌನ ಬಿಟ್ರೆ ಇದೇ ಅತಿ ಸುಂದರವಾದ ಸದ್ದು ಅನ್ನೋ ಅರ್ಥದ ಮಾತು ಹೇಳ್ತು. ಇವರೂ ಅದನ್ನೇ ತಮ್ಮ ಘೋಷವಾಕ್ಯ ಮಾಡ್ಕೊಂಡ್ರು. ಅಲ್ಲಿಗೆ ಕೆಟ್ಟಿತು ನೋಡಿ. ಅವತ್ತಿಂದ ಇಸಿಎಂ ಅಂದ್ರೆ ಮೌನ, ನಾರ್ವೆಯ ಓಸ್ಲೋ (ಇವರ ಸುಮಾರು ರೆಕಾರ್ಡ್ ಆಗಿದ್ದು ಅಲ್ಲೇ), ಹಿಮ, ತಣ್ಣಗೆ, ಎಸಿ ರೂಮು. ಇಷ್ಟ ಪಡೋರೂ ಇದನ್ನೇ ಹೇಳ್ತಾರೆ, ಬೈಯೋರೂ ಇದನ್ನೇ ಹೇಳ್ತಾರೆ.

ನಂಗೆ ಇಷ್ಟ ಆಗೋ ಇಸಿಎಂ ಅದಲ್ಲ. ಜನ ನರಳೋದು, ನಗೋದು, ಬಾಯಲ್ಲಿ ಹಕ್ಕಿ ಕೂಗೋದು, ತಕದಿಮಿ ಹೇಳೋದು (ಕೊನ್ನಕ್ಕೋಲು ಅಂದ್ರೆ ಇದೇ), ಇವೆಲ್ಲ ಇರೋ ರೆಕಾರ್ಡ್‌ಗಳೇ ನಂಗೆ ಬೇಕು. ಅವುಗಳಲ್ಲಿ ಸುಮಾರು ಓಸ್ಲೋದಲ್ಲಿ ಆಗಿದ್ದೂ ಅಲ್ಲ. ಸ್ಟುಟ್‌ಗಾರ್ಟ್ ಪಕ್ಕ ಲುಡ್ವಿಗ್ಸ್‌ಬರ್ಗ್ ಅಂತ ಒಂದು ಊರಿದೆ, ಅಲ್ಲಿ ಟೋನ್‌ಸ್ಟುಡಿಯೋ ಬವರ್ ಅಂತ ಸ್ಟುಡಿಯೋ, ಅಲ್ಲಿ ಆಗಿದ್ದು. ಇದನ್ನ ಯಾರೂ ಹೇಳಲ್ಲ, ಹಿಮ ಇರೋ ಊರಿನ ಹೆಸರು ಹೇಳಿದ್ರೇ ಒಂದು ಗತ್ತು ಅನ್ಸುತ್ತೆ.

ಎಲ್ರಿಗೂ ಗೊತ್ತಿರೋದ್ರಿಂದ್ಲೇ ಶುರು ಮಾಡ್ತೀನಿ, ಅಮೆರಿಕದ ಪಿಯಾನೋ ವಾದಕ ಕೀತ್ ಜಾರೆಟ್ ಅವರ ಕಲೋನ್ ಕಾನ್ಸರ್ಟ್. 1975ರ ಜನವರಿ 24, ಜರ್ಮನಿಯ ಕಲೋನ್ ಊರಿನ ಒಪೆರಾ ಹೌಸು, ಅವತ್ತಿನ ಒಪೆರಾ ಮುಗಿದ ಮೇಲೆ ರಾತ್ರಿ 11.30ಕ್ಕೆ ಇವರ ಕಛೇರಿ, ಏರ್ಪಾಡು ಮಾಡಿದ್ದು ವೆರಾ ಬ್ರಾಂಡೆಸ್ ಅನ್ನೋ 18 ವರ್ಷದ ಹುಡುಗಿ. ಕೇಳಿದ್ದು ಒಂದು ದೊಡ್ಡ ಬೋಸೆಂಡಾರ್ಫರ್ ಪಿಯಾನೋ, ಸ್ಟೇಜ್ ಮೇಲೆ ಬಂದು ಕೂತಿದ್ದು ರಿಹರ್ಸಲ್‌ಗೆ ಅಂತ ಇಟ್ಟಿದ್ದ ಚಿಕ್ಕದೊಂದು ಪಿಯಾನೋ, ಮೇಲಿನ ಸ್ಥಾಯಿ ತಗಡು ಬಡಿದ ಹಾಗೆ, ಪೆಡಲ್ ಸರಿ ಇಲ್ಲ, ಇವರಿಗೆ ಬೆನ್ನು ನೋವು, ನಿದ್ದೆ ಇಲ್ಲ. ನುಡಿಸಲ್ಲ ಅಂತ ಹೊರಟೇ ಬಿಟ್ಟಿದ್ರು, ಆ ಹುಡುಗಿ ಗೋಗರೆದು ಒಪ್ಪಿಸಿದ್ಲು. ಈ ಕಥೆ ನೀವು ನೂರು ಸಲ ಕೇಳಿರ್ತೀರ, ಕಷ್ಟದಲ್ಲೇ ಕಲೆ ಹುಟ್ಟುತ್ತೆ ಅಂತ ಆಫೀಸ್ ಟ್ರೈನಿಂಗ್‌ನಲ್ಲೂ ಇದನ್ನ ಹೇಳ್ತಾರೆ, ನಮ್ಮಲ್ಲೂ ಒಬ್ರು ಸ್ಲೈಡ್ ಹಾಕಿ ಹೇಳಿದ್ರು, ಆದ್ರೆ ಒಂದ್ ನಿಮಿಷನೂ ಕೇಳ್ಸಿಲ್ಲ ಅನ್ನೋದು ಬೇರೆ ಮಾತು.

ನಂಗೆ ಆ ಕಥೆಗಿಂತ ಇಷ್ಟ ಆಗೋದು ಮೊದಲ ಕೆಲವು ಸೆಕೆಂಡು. ಆ ಒಪೆರಾ ಹೌಸ್‌ನಲ್ಲಿ ಜನ ಒಳಗೆ ಬನ್ನಿ ಅಂತ ಒಂದು ಬೆಲ್ ಹೊಡೀತಿದ್ರಂತೆ, ಜಾರೆಟ್ ಶುರುವಿಗೇ ಆ ಬೆಲ್ ಸ್ವರಗಳನ್ನ ನುಡಿಸ್ತಾರೆ, ಗಮನ ಕೊಟ್ಟು ಕೇಳಿದ್ರೆ ಸಭೆಯಲ್ಲಿ ಯಾರೋ ಕಿಸಕ್ ಅಂತ ನಗೋದು ಕೇಳ್ಸುತ್ತೆ. ಜಗತ್ತಿನ ಅತಿ ಗಂಭೀರ ಸೋಲೋ ಪಿಯಾನೋ ರೆಕಾರ್ಡ್ ಅಂತ ತಲೆ ಮೇಲೆ ಹೊತ್ಕೊಂಡು ತಿರುಗ್ತಾರಲ್ಲ, ಅದು ಶುರುವಾಗೋದು ಒಂದು ಜೋಕಿಂದ ಸ್ವಾಮಿ. ಆಮೇಲೆ ಮನುಷ್ಯ ನರಳ್ತಾರೆ, ಹೂಂಕರಿಸ್ತಾರೆ, ಕಾಲು ಕುಟ್ತಾರೆ. ತಗಡಿನ ಮೇಲ್‌ಸ್ಥಾಯಿ ಕಡೆ ಜಾಸ್ತಿ ಹೋಗೋ ಹಾಗಿಲ್ಲ, ಮಂದ್ರದಲ್ಲಿ ಪಿಯಾನೋಗೆ ದಮ್ಮಿಲ್ಲ, ಅದಕ್ಕೆ ಮಧ್ಯದಲ್ಲೇ ಓಡಾಡ್ತಾ ಎಡಗೈಯಲ್ಲಿ ಒಂದೇ ಪಟ್ಟು ಹಿಡಿದು ಬಿಡದೇ ತಿರುಗಿಸ್ತಾರೆ, ಎರಡನೇ ಭಾಗದ ಶುರುವಿನಲ್ಲಂತೂ ಒಳ್ಳೇ ಭಜನೆ ಮೇಳದ ಹಾಗೆ ಏರುತ್ತೆ. 2018ರಲ್ಲಿ ಅವರಿಗೆ ಎರಡು ಸಲ ಸ್ಟ್ರೋಕ್ ಆಯ್ತು, ಎಡಗೈ ಹೋಯ್ತು. ಅದು ಗೊತ್ತಾದ ಮೇಲೆ ಆ ಭಾಗ ಕೇಳೋವಾಗ ನಂಗೆ ಏನೋ ಆಗುತ್ತೆ, ಬಿಡಿ.

ಅವತ್ತು ಆ ಕಛೇರಿ ರೆಕಾರ್ಡ್ ಮಾಡಿದ ಎಂಜಿನಿಯರ್ ಮಾರ್ಟಿನ್ ವೀಲಾಂಡ್, ಲುಡ್ವಿಗ್ಸ್‌ಬರ್ಗ್ ಸ್ಟುಡಿಯೋದವರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದೇ ಸ್ಟುಡಿಯೋಗೆ 21 ವರ್ಷದ ಹುಡುಗ ಒಬ್ಬ ಗಿಟಾರ್ ಎತ್ಕೊಂಡು ಬಂದ, ಪ್ಯಾಟ್ ಮೆಥೀನಿ, ಜೊತೆಗೆ 24 ವರ್ಷದ ಜಾಕೋ ಪಾಸ್ಟೋರಿಯಸ್ ಬೇಸ್‌ಗೆ, ಬಾಬ್ ಮೋಸಸ್ ಡ್ರಮ್ಸ್‌ಗೆ. ರೆಕಾರ್ಡಿನ ಹೆಸರು ಬ್ರೈಟ್ ಸೈಜ್ ಲೈಫ್. ಹಾಡುಗಳ ಹೆಸರಲ್ಲೇ ಅಮೆರಿಕದ ಮಿಸೌರಿ ಇದೆ, ಓಮಾಹಾ ಇದೆ, ಮಟ್ಟಸ ಬಯಲು, ಅಗಲವಾದ ಆಕಾಶ. ಇದರಲ್ಲಿ ಎಲ್ರೀ ಹಿಮ? ಜಾಕೋ ಬೇಸ್ ಕೇಳಿ, ಹಿಂದೆ ನಿಂತು ಸಾಥ್ ಕೊಡೋ ಜಾತಿನೇ ಅಲ್ಲ ಅದು, ಗಿಟಾರ್ ಪಕ್ಕಕ್ಕೇ ಬಂದು ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತೆ. ಬೆಳಗ್ಗೆ ಎದ್ದು ದೋಸೆ ಹುಯ್ಯೋವಾಗ ನಮ್ಮನೇಲಿ ಇದೇ ಓಡೋದು.

ಈಗ ನಂಗೆ ನಿಜವಾಗ್ಲೂ ಹೇಳ್ಬೇಕಾಗಿರೋದಕ್ಕೆ ಬರ್ತೀನಿ.

ನಾನು ಚಿಕ್ಕವನಿದ್ದಾಗ ಬಸವನಗುಡಿಯಲ್ಲಿ ಐದು ವರ್ಷ ಮೃದಂಗ ಕಲ್ತೆ, ಕಲ್ತೆ ಅಂದ್ರೆ ಹೊಡೆತ ತಿಂದೆ, ಎಸ್ಸೆಸ್ಸೆಲ್ಸಿ ನೆಪದಲ್ಲಿ ಬಿಟ್ಟೆ. ಬಿಟ್ಟ ಮೇಲೂ ಬೆರಳು ಸುಮ್ನಿರಲ್ಲ, ಬಸ್ ಸೀಟ್ ಮೇಲೆ, ಆಫೀಸ್ ಟೇಬಲ್ ಮೇಲೆ ನಡೀತಾನೇ ಇರುತ್ತೆ. ಜಾಝ್ ಹುಚ್ಚು ಹಿಡಿದಿದ್ದು ಕಾಲೇಜಲ್ಲಿ. ಇವೆರಡೂ ನನ್ನ ತಲೇಲಿ ಬೇರೆ ಬೇರೆ ಕಪಾಟಲ್ಲಿದ್ವು. 2009ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿರೋ ನಮ್ಮ ಭಾವ ಒಂದು ಮದುವೆಗೆ ಅಂತ ಬಂದ್ರು, ಬರ್ತಾ ಒಂದು ಸಿಡಿ ತಂದ್ಕೊಟ್ರು. "ತಗೋಪ್ಪಾ, ನಿಮ್ಮೂರಿನೋರ್ದೇ, ನಮ್ಮೂರಲ್ಲಿ ಸಿಕ್ತು" ಅಂದ್ರು. ಕವರ್ ಮೇಲೆ ಜ್ಯೋತಿ ಅಂತಿದೆ, ಚಾರ್ಲಿ ಮರಿಯಾನೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಎರಡೆರಡು ಸಲ ಓದ್ದೆ. ಕರ್ನಾಟಕ. ಇಸಿಎಂ ಮೇಲೆ. ಕ್ಯಾಟಲಾಗ್ ನಂಬರ್ 1256.

ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ತಾಳವಾದ್ಯ ಶಾಲೆ ಅದು. ಆ ರೆಕಾರ್ಡಲ್ಲಿ ಮಣಿಯವರು ಮೃದಂಗ, ಅವರ ಪತ್ನಿ ಆರ್.ಎ. ರಮಾಮಣಿ ಗಾಯನ, ತಂಬೂರಿ, ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ, ಜೊತೆಗೆ ಕೊನ್ನಕ್ಕೋಲು. ಎದುರಿಗೆ ಬಾಸ್ಟನ್ ಮೂಲದ ಮರಿಯಾನೊ, ಸೊಪ್ರಾನೋ ಸ್ಯಾಕ್ಸೋಫೋನ್ ಮತ್ತು ಕೊಳಲು. ಫೆಬ್ರವರಿ 1983, ಎಲ್ಲಿ ಅಂತೀರಾ? ಅದೇ ಲುಡ್ವಿಗ್ಸ್‌ಬರ್ಗ್, ಅದೇ ಸ್ಟುಡಿಯೋ. ಬೆಂಗಳೂರಿನ ನಾಲ್ಕು ಜನ ಜರ್ಮನಿಯ ಫೆಬ್ರವರಿ ಚಳೀಲಿ ಘಟ ಹೊತ್ಕೊಂಡು ಹೋಗಿ ಆಡಿದ್ದು. ಆ ಚಳಿಗೆ ಖಂಜಿರದ ಚರ್ಮ ಏನು ಕಾಟ ಕೊಟ್ಟಿರುತ್ತೋ ಅಂತ ನಾನು ಈಗ್ಲೂ ಯೋಚಿಸ್ತೀನಿ, ನೀರು ಸವರಿ ಸವರಿ ಶ್ರುತಿಗೆ ತರೋ ವಾದ್ಯ ಅದು.

ಮರಿಯಾನೊ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಫಾರಿನ್‌ನೋರು ಬಂದು ನಾಲ್ಕು ದಿನ ಇದ್ದು ಒಂದು ಸಿತಾರ್ ತಗೊಂಡೋಗಿ ಫ್ಯೂಷನ್ ಅಂತಾರಲ್ಲ, ಆ ಪೈಕಿ ಅಲ್ಲ ಇವರು. 1963ರಲ್ಲೇ ಅಮೆರಿಕದ ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ ಆಲ್ಟೋ ಸ್ಯಾಕ್ಸ್ ನುಡಿಸಿ ಹೆಸರು ಮಾಡಿದ್ದೋರು, ಆಮೇಲೆ ಮಲೇಷ್ಯಾದಲ್ಲಿ ನಾಗಸ್ವರ ಕೇಳಿ ತಲೆ ಕೆಟ್ಟು, ದಕ್ಷಿಣ ಭಾರತಕ್ಕೆ ಬಂದು ಕೂತು ಅದನ್ನ ಕಲ್ತ್ರು. ನಡು ವಯಸ್ಸು ದಾಟಿದ ಮೇಲೆ ಹೊಸದಾಗಿ ನಾಗಸ್ವರ ಊದೋದು ಅಂದ್ರೆ ಹುಡುಗಾಟ ಅಲ್ಲ, ದಮ್ಮು ಬೇಕು. ಎಬರ್‌ಹಾರ್ಡ್ ವೇಬರ್ ಅನ್ನೋ ಬೇಸ್ ವಾದಕರ ಯೆಲ್ಲೋ ಫೀಲ್ಡ್ಸ್ ಅಂತ ರೆಕಾರ್ಡ್ ಇದೆ, ಸೆಪ್ಟೆಂಬರ್ 1975, ಅದೂ ಲುಡ್ವಿಗ್ಸ್‌ಬರ್ಗೇ, ಅದರಲ್ಲಿ ಮರಿಯಾನೊ ಸೊಪ್ರಾನೋ ಜೊತೆ ಶಹನಾಯಿ, ನಾಗಸ್ವರ ಎರಡೂ ಊದಿದಾರೆ. ಅಂದ್ರೆ ಕಲೋನ್ ಕಾನ್ಸರ್ಟ್ ಆದ ವರ್ಷನೇ ಇಸಿಎಂ ಮೈಕ್ ಮುಂದೆ ನಾಗಸ್ವರ ಬಂದಾಗಿತ್ತು. ಮೌನವಂತೆ ಮೌನ.

ಜ್ಯೋತಿ ಶುರುವಾಗೋದು ರಮಾಮಣಿಯವರ ಧ್ವನಿ ಒಂದರಿಂದ್ಲೇ. ಆ ಐದು ಸೆಕೆಂಡ್ ಖಾಲಿ ಆದ್ಮೇಲೆ ಆ ಧ್ವನಿ ಬಂದಾಗ, ಕತ್ತಲೆ ಗರ್ಭಗುಡೀಲಿ ಯಾರೋ ದೀಪ ಹಿಡ್ಕೊಂಡು ಬಂದ ಹಾಗೆ. ಇಸಿಎಂನ ಆ ದೊಡ್ಡ ಗುಂಯ್ ಅನ್ನೋ ಎಕೋ ಇದೆಯಲ್ಲ, ಪಿಯಾನೋಗೆ ಹಾಕಿದಾಗ ನಂಗೆ ಕೆಲವು ಸಲ ಅತಿ ಅನ್ಸುತ್ತೆ, ಇಲ್ಲಿ ಮಾತ್ರ ಕಲ್ಲಿನ ಮಂಟಪದ ಥರ ಒಪ್ಪುತ್ತೆ. ಮರಿಯಾನೊ ಗಮಕನ ನಕಲು ಹೊಡೆಯೋಕೆ ಹೋಗಲ್ಲ, ಸ್ವರದ ಪಕ್ಕಕ್ಕೆ ಬಂದು ಜಾರಿ ಸೇರ್ತಾರೆ, ಗೊತ್ತಿಲ್ದೇ ಇರೋ ಕಡೆ ಸುಮ್ನಿರ್ತಾರೆ, ಆ ಮರ್ಯಾದೆ ನಂಗೆ ಇಷ್ಟ. ಕೊನ್ನಕ್ಕೋಲು ಬಂದಾಗ ನನ್ನ ಬೆರಳು ತಾನಾಗೇ ತೊಡೆ ಮೇಲೆ ಎಣಿಸೋಕೆ ಶುರು ಮಾಡ್ತು, ಆ ಎರಡು ಕಪಾಟಿನ ಮಧ್ಯೆ ಇದ್ದ ಹಲಗೆ ಅವತ್ತೇ ಬಿತ್ತು. ಇದರಲ್ಲಿ ಕೊರತೆ ಇಲ್ವಾ ಅಂದ್ರೆ ಇದೆ, ತಾಳವಾದ್ಯದೋರಿಗೆ ಇನ್ನೂ ಹತ್ತು ನಿಮಿಷ ಬಿಟ್ಟಿದ್ರೆ ಏನು ಹೋಗ್ತಿತ್ತು ಅಂತ ನಂಗೆ ಪ್ರತಿ ಸಲ ಅನ್ಸುತ್ತೆ. ತಾಳವಾದ್ಯದೋರೇ ನುಡಿಸೋ ಒಂದು ಪೂರ್ತಿ ತನಿ ಆವರ್ತನ ಬೇಕಿತ್ತು.

ಹೊಟ್ಟೆ ಉರಿ ಏನಂದ್ರೆ, ಈ ಜನ ನಮ್ಮೂರಲ್ಲೇ ಇದ್ರು, ನಾನು ಮೃದಂಗ ಕಲೀತಿದ್ದ ಕಾಲದಲ್ಲೇ ಇದ್ರು, ಈ ರೆಕಾರ್ಡ್ ಬಗ್ಗೆ ಒಬ್ರೂ ನಂಗೆ ಹೇಳ್ಲಿಲ್ಲ, ಸ್ಟುಟ್‌ಗಾರ್ಟಿಂದ ಭಾವ ಬರ್ಬೇಕಾಯ್ತು. ಆ ಕಾಲದಲ್ಲಿ ಒಂದು ಕ್ಯಾಸೆಟ್ ಅಂಗಡೀಲಿ ಇಸಿಎಂ ಇದೆಯಾ ಅಂತ ಕೇಳಿದ್ದಕ್ಕೆ ಅಂಗಡಿಯೋನು ಇಸಿಜಿನಾ, ಪಕ್ಕದಲ್ಲಿ ಕ್ಲಿನಿಕ್ ಇದೆ ನೋಡಿ ಅಂದಿದ್ದ, ಅವನ ತಪ್ಪೇನೂ ಇಲ್ಲ. ಸ್ಟ್ರೀಮಿಂಗ್‌ಗಂತೂ ಇವರು ಬಂದಿದ್ದೇ 2017ರ ನವೆಂಬರ್‌ನಲ್ಲಿ.

ಭಾರತದ್ದು ಅಂದ್ರೆ ಎಲ್ರೂ ಹೇಳೋದು ಝಾಕಿರ್ ಹುಸೇನ್ ಅವರ ಮೇಕಿಂಗ್ ಮ್ಯೂಸಿಕ್, ಜೊತೆಗೆ ಕೊಳಲಿಗೆ ಹರಿಪ್ರಸಾದ್ ಚೌರಾಸಿಯಾ, ಗಿಟಾರ್‌ಗೆ ಜಾನ್ ಮೆಕ್‌ಲಾಫ್ಲಿನ್, ಸ್ಯಾಕ್ಸೋಫೋನ್‌ಗೆ ನಾರ್ವೆಯ ಯಾನ್ ಗಾರ್ಬರೆಕ್. ಬೈಬೇಡಿ, ನಂಗೆ ಅದು ನಾಲ್ಕು ಜನ ದೊಡ್ಡೋರು ಒಂದೇ ಸೋಫಾ ಮೇಲೆ ಕೂತು ನೀವು ಮೊದಲು, ಇಲ್ಲ ನೀವು ಮೊದಲು ಅಂದ ಹಾಗಿದೆ. ಅದಕ್ಕಿಂತ ಎಲ್. ಶಂಕರ್ ಅವರ ಹೂಸ್ ಟು ನೋ ಕೇಳಿ, 1980ರದ್ದು, ಹತ್ತು ತಂತಿಯ ಜೋಡಿ ಪಿಟೀಲು, ಉಮಯಾಳ್ಪುರಂ ಶಿವರಾಮನ್ ಮೃದಂಗ, ಝಾಕಿರ್ ತಬಲಾ. ಅಚ್ಚ ರಾಗ ತಾನ ಪಲ್ಲವಿ, ಜರ್ಮನ್ ಜಾಝ್ ಕಂಪನಿ ಮೇಲೆ, ಯಾವ ಮುಲಾಜೂ ಇಲ್ದೆ.

ಓಸ್ಲೋ ಕಡೆ ಏನೂ ಇಲ್ವಾ ಅಂದ್ರೆ, ಇದೆ. ಜಾರೆಟ್, ಗಾರ್ಬರೆಕ್, ಪಾಲೆ ಡ್ಯಾನಿಯೆಲ್ಸನ್, ಯೋನ್ ಕ್ರಿಸ್ಟೆನ್ಸನ್ ಸೇರಿ 1974ರ ಏಪ್ರಿಲ್‌ನಲ್ಲಿ ಎರಡೇ ದಿನದಲ್ಲಿ ಮಾಡಿದ ಬಿಲಾಂಗಿಂಗ್. ಅದರಲ್ಲಿ ದಿ ವೈಂಡಪ್ ಅಂತ ಒಂದಿದೆ, ಅದನ್ನ ಕೇಳಿ ಕಾಲು ಅಲ್ಲಾಡ್ಸದೇ ಕೂತೋರಿಗೆ ನಾನು ಕಾಫಿ ಕೊಡಲ್ಲ. ಅದೇ ರೆಕಾರ್ಡಿನ ಇನ್ನೊಂದು ಟ್ಯೂನು ಸ್ಟೀಲಿ ಡ್ಯಾನ್ ಅನ್ನೋ ರಾಕ್ ಬ್ಯಾಂಡಿನ 1980ರ ಹಾಡಲ್ಲಿ ಕಾಣಿಸ್ಕೊಂಡು, ಜಾರೆಟ್ ಕೇಸ್ ಹಾಕಿ, ಕೊನೆಗೆ ಹಾಡು ಕಟ್ಟಿದೋರ ಪಟ್ಟೀಲಿ ಅವರ ಹೆಸರೂ ಸೇರಿಸಿದ್ರು. 2025ರಲ್ಲಿ ಸ್ಯಾಕ್ಸೋಫೋನ್ ವಾದಕ ಬ್ರ್ಯಾನ್‌ಫೋರ್ಡ್ ಮಾರ್ಸಾಲಿಸ್ ಇಡೀ ಬಿಲಾಂಗಿಂಗ್ ರೆಕಾರ್ಡನ್ನೇ ಮತ್ತೆ ನುಡಿಸಿ ಬ್ಲೂ ನೋಟ್ ಅನ್ನೋ ಕಂಪನಿ ಮೇಲೆ ತಂದ್ರು. ತಣ್ಣಗಿರೋದನ್ನ ಯಾರಾದ್ರೂ ಐವತ್ತು ವರ್ಷ ಆದ್ಮೇಲೆ ಬಿಸಿ ಮಾಡೋಕೆ ಹೋಗ್ತಾರಾ?

ಇನ್ನೊಂದು, ಬ್ರೆಜಿಲ್‌ನ ಎಗ್ಬರ್ಟೊ ಜಿಸ್ಮೊಂಟಿ ಮತ್ತು ನಾನಾ ವಾಸ್ಕೊನ್ಸೆಲೋಸ್, 1977ರ ದಾನ್ಸಾ ದಾಸ್ ಕಬೇಸಾಸ್. ಇಬ್ಬರು ಹುಡುಗರು ದಟ್ಟ ಕಾಡಲ್ಲಿ, ಹುಳ ಹಕ್ಕಿ ಮಧ್ಯೆ, ಒಬ್ಬರಿಗೊಬ್ಬರು ದೂರ ಇಟ್ಕೊಂಡು ನಡ್ಕೊಂಡು ಹೋಗೋ ಹಾಗೆ ಅಂತ ಜಿಸ್ಮೊಂಟಿ ಅದರ ಕಲ್ಪನೆ ಹೇಳಿದ್ರು. ಓಸ್ಲೋ ಸ್ಟುಡಿಯೋದ ಒಳಗೆ ಕೂತು ಬಾಯಿ, ಕೊಳಲು, ಬಿಲ್ಲಿನ ಥರದ ಬೆರಿಂಬಾವು ಇಟ್ಕೊಂಡು ಮಳೆಕಾಡು ಎಬ್ಬಿಸ್ತಾರೆ. ಆಗುಂಬೆ ಘಾಟಿ ಇಳೀವಾಗ ಒಂದ್ಸಲ ಕಾರಲ್ಲಿ ಹಾಕಿದ್ದೆ, ಹೊರಗಡೆ ಜೀರುಂಡೆ ಯಾವುದು ರೆಕಾರ್ಡಿನ ಒಳಗಿಂದ ಬಂದಿದ್ದು ಯಾವುದು ಗೊತ್ತಾಗ್ಲಿಲ್ಲ.

ಆಫೀಸಿಯಮ್ ಅನ್ನೋ ರೆಕಾರ್ಡ್ ಬಗ್ಗೆ ಕೇಳ್ಬೇಡಿ. ಚೆನ್ನಾಗೇ ಇದೆ, ಆಸ್ಟ್ರಿಯಾದ ಮಠದಲ್ಲಿ ಹಳೇ ಚರ್ಚ್ ಹಾಡುಗಳ ಮೇಲೆ ಗಾರ್ಬರೆಕ್ ಸ್ಯಾಕ್ಸು, ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟ ಆಗಿದೆ, ಆದ್ರೆ ಎಣ್ಣೆ ಮಸಾಜ್ ಮಾಡೋ ಕಡೆ ಎಲ್ಲಾ ಹಾಕಿ ಹಾಕಿ ನಂಗೆ ಅದು ಕೇಳಿದ್ರೆ ಮೂಗಿಗೆ ನೀಲಗಿರಿ ಎಣ್ಣೆ ವಾಸನೆ ಬರುತ್ತೆ. ಮೊನ್ನೆ ಆ ಫ್ರೆಂಡ್‌ಗೆ ನಾನು ಹಾಕಿದ್ದೂ ಅದೇ, ತಪ್ಪು ನಂದೇ.

ಅವನು ಹೋದ್ಮೇಲೆ ಜ್ಯೋತಿ ಹಾಕ್ದೆ. ಅಡುಗೆಮನೆಯಿಂದ ಅಮ್ಮ "ಯಾರೋ ಅದು ನಾಗಸ್ವರ?" ಅಂದ್ರು. ನಾಗಸ್ವರ ಅಲ್ಲಮ್ಮ, ಸ್ಯಾಕ್ಸೋಫೋನು, ಅಮೆರಿಕದವರು, 2009ರಲ್ಲಿ ಕಲೋನ್‌ನಲ್ಲಿ ತೀರ್ಕೊಂಡ್ರು ಅಂದೆ. ಸ್ವಲ್ಪ ಹೊತ್ತು ಕೇಳಿದ್ರು, "ಶ್ರುತಿ ಬಿಟ್ಟಿಲ್ಲ ನೋಡು" ಅಂದು ಒಗ್ಗರಣೆ ಹಾಕೋಕೆ ಹೋದ್ರು.

ಅಂದಹಾಗೆ, ನನ್ನ ಬಿಲಾಂಗಿಂಗ್ ಡಬ್ಬಿ ಇದೆ, ಒಳಗೆ ಸಿಡಿ ಇಲ್ಲ. ಯಾರು ತಗೊಂಡೋಗಿದೀರೋ ನಿಮಗೇ ಗೊತ್ತು, ಯುಗಾದಿ ಒಳಗೆ ತಂದ್ಕೊಡಿ.