ಸಿಇಓ ಸಾಹೇಬ್ರೇ, ಲವ್ ಸ್ವಲ್ಪ ಕಮ್ಮಿ ಮಾಡಿ

ರಾತ್ರಿ ಹನ್ನೊಂದು ಗಂಟೆಗೆ ಪಕ್ಕದ ರೂಮಿನಿಂದ ಫಟಾರ್ ಅಂತ ಸದ್ದು. ಒಂದು ನಿಮಿಷ ಬಿಟ್ಟು ಇನ್ನೊಂದು ಫಟಾರ್. ಯಾರು ಯಾರಿಗೆ ಬಾರಿಸಿದರಪ್ಪಾ ಅಂತ ಎದ್ದು ಹೋದರೆ, ಊರಿಂದ ಬಂದಿರುವ ಚಿಕ್ಕಮ್ಮ ಕತ್ತಲಲ್ಲಿ ಮೊಬೈಲ್ ಹಿಡಿದು ಕೂತಿದ್ದಾರೆ.

"ಏನ್ ಚಿಕ್ಕಮ್ಮ ಇದು?"

"ಸುಮ್ನಿರೋ. ಇವನೇ ಹೋಟ್ಲು ಓನರ್ರು ಅಂತ ಅವಳಿಗೆ ಗೊತ್ತಿಲ್ಲ, ಸಪ್ಲೈಯರ್ ಅಂದ್ಕೊಂಡು ಹೊಡೀತಿದ್ದಾಳೆ."

ಚೀನಾದ ಕಿರುಧಾರಾವಾಹಿ ಅದು, ಮೊಬೈಲ್‌ಗೆಂದೇ ಒಂದೆರಡು ನಿಮಿಷದ ಕಂತುಗಳಲ್ಲಿ ಮಾಡಿದ್ದು. ಚಿಕ್ಕಮ್ಮನಿಗೆ ಚೀನೀ ಭಾಷೆ ಬರುವುದಿಲ್ಲ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಕನ್ನಡಕ ಹಾಕಿದರೂ ಕಾಣುವುದಿಲ್ಲ. ಕಪಾಳಮೋಕ್ಷಕ್ಕೆ ಯಾವ ಭಾಷೆ ಬೇಕು ಹೇಳಿ? ನಾನೂ ಪಕ್ಕದಲ್ಲಿ ಕೂತೆ. ಕೈ ಇನ್ನೂ ಗಾಳಿಯಲ್ಲಿರುವಾಗಲೇ ಸದ್ದು ಬಂದುಬಿಡುತ್ತದೆ. ಅದೇ ಏಟನ್ನು ಮೂರು ಕಡೆಯಿಂದ ಮೂರು ಸಲ ತೋರಿಸುತ್ತಾರೆ. ಹುಡುಗನ ಕೊರಳಿಂದ ಹಸಿರು ಕಲ್ಲಿನ ಪದಕ ಜಾರಿ ನೆಲಕ್ಕೆ ಬೀಳುತ್ತದೆ. ಮೂಲೆಯಲ್ಲಿದ್ದ ಮುದುಕ ಅದನ್ನು ನೋಡಿ ನಡುಗುತ್ತಾನೆ, ಬಾಯಿ ತೆರೆಯುತ್ತಾನೆ. ಅಷ್ಟೇ. ಪರದೆ ಮಸುಕಾಗಿ ಒಂದು ಬೀಗದ ಚಿತ್ರ. ಮುಂದೆ ನೋಡಬೇಕಾದರೆ ದುಡ್ಡು ಕೊಟ್ಟು ಕಾಯಿನ್ ತಗೊಳ್ಳಿ.

"ಮೊಮ್ಮಗ ಅಂತಾನೆ, ಇನ್ನೇನು" ಅಂದೆ.

"ಗೊತ್ತು ಕಣೋ. ಆದ್ರೂ ಅವನ ಬಾಯಲ್ಲೇ ಕೇಳ್ಬೇಕು."

ಚೀನಾದ ರೇಡಿಯೋ-ಟಿವಿ ಇಲಾಖೆ 2024ರ ನವೆಂಬರ್‌ನಲ್ಲಿ ಹೊರಡಿಸಿದ ಸೂಚನೆ ಆಗ ನೆನಪಾಯಿತು. ದರ್ಪದ ಸಿಇಓ ಬಡ ಹುಡುಗಿಗೆ ಮನಸೋಲುವ ಇಂಥ ಕಿರುಧಾರಾವಾಹಿಗಳಿಗೆ ಕಡಿವಾಣ ಹಾಕಿದ ಸುದ್ದಿ. ಜನರನ್ನು ಸೆಳೆಯಲು ಹೆಸರಿನಲ್ಲೇ ಸಿಇಓನನ್ನು ತುರುಕಬೇಡಿ, ಇಂಥ ಕಥೆಗಳ ಸಂಖ್ಯೆ ಇಳಿಸಿ, ಸಿರಿತನದ ಮೆರವಣಿಗೆ ಬೇಡ ಅಂತ ಅಪ್ಪಣೆಯಾಯಿತು. ಆಹಾ, ಎಂಥ ಕಾಳಜಿ! ದೇಶದಲ್ಲಿ ಎಷ್ಟು ಸಿಇಓಗಳು ಬಡ ಹುಡುಗಿಯರ ಮೇಲೆ ಮನಸ್ಸು ಮಾಡಬಹುದು ಅನ್ನುವುದನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ ಅಂದರೆ ಪ್ರಜೆಗಳು ನೆಮ್ಮದಿಯಾಗಿ ಮಲಗಬಹುದು. ನನಗೆ ಪಾಪ ಅನ್ನಿಸುವುದು ಅಲ್ಲಿನ ಗುಮಾಸ್ತರನ್ನು ನೆನೆದು. 2022ರ ಕೊನೆಯಿಂದ ಮೂರು ತಿಂಗಳಲ್ಲಿ 25,300 ಕಿರುಧಾರಾವಾಹಿ ತೆಗೆದುಹಾಕಿದರಂತೆ, ಕಂತಿನ ಲೆಕ್ಕದಲ್ಲಿ 13 ಲಕ್ಷಕ್ಕೂ ಜಾಸ್ತಿ. ಅಷ್ಟನ್ನೂ ಯಾರೋ ಕೂತು ನೋಡಿರಬೇಕಲ್ವಾ? ಮನೆಗೆ ಹೋಗಿ ಹೆಂಡತಿ ಕೈ ಎತ್ತಿದರೆ ಸಾಕು, ಮೂರು ಕಡೆಯಿಂದ ಕಾಣಿಸಿರುತ್ತದೆ ಪಾಪ.

ತೆಗೆದಷ್ಟೂ ಹುಟ್ಟುತ್ತವೆ, ರಕ್ತಬೀಜಾಸುರನ ವಂಶ. 2024ರಲ್ಲಿ ಈ ವ್ಯಾಪಾರ 5,000 ಕೋಟಿ ಯುವಾನ್ ದಾಟಿತು. ಆ ವರ್ಷ ಚೀನಾದ ಅಷ್ಟೂ ಥಿಯೇಟರ್‌ಗಳ ಗಳಿಕೆ ಸುಮಾರು 4,250 ಕೋಟಿ ಯುವಾನ್. ಕಥೆಯ ಇದೇ ಸಿಇಓ ಅಮೆರಿಕದ ಕಿರುಧಾರಾವಾಹಿಗಳಿಗೂ ಹೋದ. ಅಲ್ಲಿ ಬರೀ ದುಡ್ಡಿದ್ದರೆ ಸಾಲದು ಅಂತ ಅವನನ್ನು ಹುಣ್ಣಿಮೆಗೆ ತೋಳವಾಗುವ ಹಾಗೆ ಮಾಡಿದ್ದಾರೆ.

ಹಣೆಬರಹದ ಪ್ರೀತಿಯನ್ನು ಈ ಮೊಬೈಲ್‌ನವರು ಕಂಡುಹಿಡಿದರು ಅಂದುಕೊಳ್ಳಬೇಡಿ. ನಮ್ಮಲ್ಲಿ ಬ್ರಹ್ಮಗಂಟು ಇದ್ದ ಹಾಗೆ ಅಲ್ಲಿ ಯುಯೆಲಾವ್ ಅನ್ನುವ ಅಜ್ಜ ಇದ್ದಾನೆ. ಬೆಳದಿಂಗಳಲ್ಲಿ ಕೂತು ಪುಸ್ತಕ ಓದುತ್ತಾನೆ, ಚೀಲದ ತುಂಬ ಕೆಂಪು ದಾರ, ಯಾರಿಗೆ ಯಾರು ಅಂತ ನೋಡಿ ಕಾಲಿಗೆ ಕಾಲು ಗಂಟು ಹಾಕುತ್ತಾನೆ. ತಾಂಗ್ ಅರಸರ ಕಾಲದ ಕಥೆ ಅದು, ಸಾವಿರ ವರ್ಷದ್ದು. ಅದರಲ್ಲಿ ಒಬ್ಬ ತರುಣ ನನ್ನ ಹೆಂಡತಿ ಯಾರು ಅಂತ ಕೇಳುತ್ತಾನೆ. ಅಜ್ಜ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸಿನ ಕಂಕುಳಲ್ಲಿದ್ದ ಮೂರು ವರ್ಷದ ಮಗುವನ್ನು ತೋರಿಸುತ್ತಾನೆ. ಇವನಿಗೆ ಉರಿದುಹೋಗಿ ಆಳಿನ ಕೈಗೆ ಚಾಕು ಕೊಟ್ಟು ಮಗುವನ್ನು ಮುಗಿಸಲು ಕಳಿಸುತ್ತಾನೆ. ಏಟು ಹುಬ್ಬಿನ ನಡುವೆ ಬೀಳುತ್ತದೆ. ಹದಿನಾಲ್ಕು ವರ್ಷದ ಮೇಲೆ ದೊಡ್ಡ ಅಧಿಕಾರಿಯ ಮಗಳ ಜೊತೆ ಇವನ ಮದುವೆ. ಹುಡುಗಿ ಹಣೆಯ ಅಲಂಕಾರವನ್ನು ಸ್ನಾನ ಮಾಡುವಾಗಲೂ ತೆಗೆಯುವುದಿಲ್ಲ. ಯಾಕೆ ಅಂತ ಹೇಳಬೇಕಾ? ಕಾಯಿನ್ ತಗೊಳ್ಳಿ. ಪುಣ್ಯಕ್ಕೆ ಆ ಕಾಲದಲ್ಲಿ ಪೂರ್ತಿ ಕಥೆ ಒಂದೇ ಸಲಕ್ಕೆ ಹೇಳುತ್ತಿದ್ದರು.

ಈಗಿನ ಕಥೆಗಳಲ್ಲಿ ಅಜ್ಜನಿಗೆ ಪುಸ್ತಕ ತೆಗೆಯಲೂ ಪುರುಸೊತ್ತಿಲ್ಲ. ಮೊದಲ ಕಂತಿನ ನಲವತ್ತನೇ ಸೆಕೆಂಡಿಗೆ ಹುಡುಗ ಹುಡುಗಿಗೆ ಡಿಕ್ಕಿ, ಅರವತ್ತಕ್ಕೆ ರಿಜಿಸ್ಟರ್ ಆಫೀಸು, ಕೈಯಲ್ಲಿ ಮದುವೆ ಸರ್ಟಿಫಿಕೇಟಿನ ಕೆಂಪು ಪುಸ್ತಕ. ಪರದೆಯ ಈಚೆ ನೋಡಿದರೆ 2023ರಲ್ಲಿ ಚೀನಾದಲ್ಲಿ ನೋಂದಣಿಯಾದ ಮದುವೆ 76.8 ಲಕ್ಷ, ಮರುವರ್ಷ 61 ಲಕ್ಷ. ಒಂದೇ ವರ್ಷಕ್ಕೆ ಐದರಲ್ಲೊಂದು ಪಾಲು ಮಾಯ. ಬಾಡಿಗೆ, ಸಾಲ, ಕೆಲಸ ಅಂತ ಒದ್ದಾಡುವವರ ಕಾಲಿಗೆ ದಾರ ಕಟ್ಟಿದರೆ ಎಡವಿ ಬೀಳುತ್ತಾರೆ ಅಷ್ಟೇ.

ಅಲ್ಲ, ಈ ಸಿಇಓಗೆ ಕೆಲಸ ಅಂತ ಏನಾದರೂ ಇದೆಯಾ? ಬೆಳಿಗ್ಗೆ ಆಸ್ಪತ್ರೆ ಕಾರಿಡಾರಿನಲ್ಲಿ ಓಡುತ್ತಾನೆ, ಮಧ್ಯಾಹ್ನ ಹರಾಜಿನಲ್ಲಿ ನೆಕ್ಲೇಸ್ ಕೂಗುತ್ತಾನೆ, ಸಂಜೆ ಮಳೆಯಲ್ಲಿ ಕೊಡೆ ಹಿಡಿದು ನಿಲ್ಲುತ್ತಾನೆ. ಆದರೂ ಕಂಪನಿ ನಂಬರ್ ಒನ್. ಹಾಗಾದರೆ ದುಡಿಯುವವರು ಯಾರು? ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ, 996 ಅಂತ ಅದಕ್ಕೊಂದು ಹೆಸರೇ ಇದೆ. ಹಾಗೆ ದುಡಿಯುವ ಅವಕಾಶ ಸಿಗುವುದು ಪೂರ್ವಪುಣ್ಯ ಅನ್ನುವ ಅರ್ಥದಲ್ಲಿ ಅಲಿಬಾಬಾ ಕಂಪನಿ ಕಟ್ಟಿದ ಜಾಕ್ ಮಾ 2019ರಲ್ಲಿ ಹೇಳಿದ್ದರು. ಪುಣ್ಯವಂತೆ! (ನಮ್ಮ ಬೆಂಗಳೂರಿನವರು ನಗಬೇಡಿ, ನಾರಾಯಣಮೂರ್ತಿಯವರ ವಾರಕ್ಕೆ 70 ಗಂಟೆ ನೆನಪಿದೆಯಲ್ಲ.) 996 ಕಾನೂನಿಗೆ ವಿರುದ್ಧ ಅಂತ ಚೀನಾದ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ಹನ್ನೆರಡು ಗಂಟೆ ಬಾಸ್ ಕೈಲಿ ಬೈಸಿಕೊಂಡು, ಮೆಟ್ರೋದಲ್ಲಿ ನಿಂತುಕೊಂಡೇ ಮನೆಗೆ ಹೋಗುವ ಹುಡುಗಿಗೆ, ಅದೇ ಬಾಸ್ ನಿನ್ನ ಕಾಲಿಗೆ ಬೀಳುತ್ತಾನೆ ನೋಡು ಅಂತ ಕಂತಿಗಿಷ್ಟು ಅಂತ ಮಾರುತ್ತಾರೆ. ಅವಳಿಂದ ದಿನ ಕಿತ್ತುಕೊಂಡದ್ದು ಸಾಲದೆ ಸಂಬಳದ ಚಿಲ್ಲರೆಯೂ ಬೇಕು ಇವರಿಗೆ. ಥೂ.

ಇದನ್ನೆಲ್ಲ ತಯಾರಿಸುವ ದೊಡ್ಡ ಊರು ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ದಿಯೆನ್. ಹೆಂಗ್ ಅಂದರೆ ಅಡ್ಡ. ಈಗ ಚಿತ್ರೀಕರಣವೆಲ್ಲ ಮೊಬೈಲ್ ಪರದೆಗೆ ಸರಿಯಾಗಿ ಉದ್ದುದ್ದ ಆದ ಮೇಲೆ ಜನ ಅದನ್ನು ತಮಾಷೆಗೆ ಶುದಿಯೆನ್ ಅನ್ನುತ್ತಾರೆ. ಶು ಅಂದರೆ ಉದ್ದ. ಎಂಬತ್ತು ಕಂತಿನ ಕಥೆಯನ್ನು ಒಂದು ವಾರದಲ್ಲಿ ಮುಗಿಸುವ ಜಾಗ ಅದು. ನೀವು ಇದನ್ನು ಓದುವ ಹೊತ್ತಿಗೆ ಅಲ್ಲಿ ಯಾವನೋ ಹುಡುಗ ಬಾಡಿಗೆ ಸೂಟಿನಲ್ಲಿ, ನಿದ್ದೆಗಣ್ಣಲ್ಲಿ, "ನನ್ನ ಹೆಂಡತಿಯನ್ನು ಮುಟ್ಟಿದವನ ಕಂಪನಿ ನಾಳೆ ಬೆಳಿಗ್ಗೆ ಇರಬಾರದು" ಅಂತ ಗುಡುಗುತ್ತಿರುತ್ತಾನೆ. ಡ್ಯೂಟಿ ಶುರುವಾಗಿ ಹದಿನಾರು ಗಂಟೆ ಆಗಿರುತ್ತದೆ. ಇನ್ನೂ ಎರಡು ಕಪಾಳಮೋಕ್ಷ ಬಾಕಿ.